ಒಣದ್ರಾಕ್ಷಿ ಲೆಕ್ಕಕ್ಕೆ ಆರ್: ನನ್ನ ಅನುಭವ

ಈ ಸಲ ರೈತರ ಏಪ್ರಿಲ್ ಪೇಮೆಂಟ್ ಲೆಕ್ಕ ಪೂರ್ತಿ ಆರ್‌ನಲ್ಲೇ (R, ಲೆಕ್ಕಾಚಾರಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಮುಗಿಸಿದೆ. ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ವಿಜಯಪುರದ ಒಣದ್ರಾಕ್ಷಿ ಅಂಗಡಿಯಲ್ಲಿ ಕೂತು ಈ ಮಾತು ಹೇಳಲು ನನಗೆ ಎರಡು ವರ್ಷ ಹಿಡಿಯಿತು. "ಎಕ್ಸೆಲ್ ಇರೂವಾಗ ಇದ್ಯಾಕ ಬೇಕೋ ತಮ್ಮಾ?" ಅಂತ ಸಾವ್ಕಾರ್ರು ಎಷ್ಟು ಸಲ ಕೇಳಿದ್ದಾರೋ!

ತಿಕೋಟಾ, ಬಬಲೇಶ್ವರ ಕಡೆಯ ಸುಮಾರು 400 ರೈತರು. ಅವರ ಮಾಲಿನ ತೂಕವೆಲ್ಲ ಒಂದು ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಅಂಕಿಗಳ ಕೋಷ್ಟಕದಲ್ಲಿ: ಒಬ್ಬೊಬ್ಬರಿಗೂ ಒಂದು ಅಡ್ಡಸಾಲು, 6 ಗ್ರೇಡಿಗೆ 6 ಕಂಬಸಾಲು. ದರದ ವೆಕ್ಟರ್‌ನಲ್ಲೂ (ಅಂಕಿಗಳ ಒಂದೇ ಪಟ್ಟಿ) 6 ಅಂಕಿ. ಮೊದಲ ವರ್ಷ ಎರಡರ ನಡುವೆ ಬರೀ * (ಅಂಕಿಗೆ ಅಂಕಿ ಗುಣಿಸುವ ಚಿಹ್ನೆ) ಹಾಕಿ ಸಾಲು ಕೂಡಿಸಿದೆ. ಮ್ಯಾಟ್ರಿಕ್ಸ್‌ನ ಒಟ್ಟು ಅಂಕಿಗಳ ಎಣಿಕೆ 6ರಿಂದ ಶೇಷವಿಲ್ಲದೆ ಭಾಗವಾಗುವುದರಿಂದ ಆರ್ ಎಚ್ಚರಿಕೆಯನ್ನೂ ಕೊಡಲಿಲ್ಲ. ಅದು ಮ್ಯಾಟ್ರಿಕ್ಸನ್ನು ಓದುವುದು ಕಂಬಸಾಲಿನಲ್ಲಿ ಮೇಲಿಂದ ಕೆಳಕ್ಕೆ. ಮೊದಲ ರೈತನ ಮೊದಲ ಗ್ರೇಡಿಗೆ ಮೊದಲ ದರ ಬಿತ್ತು, ಎರಡನೆಯವನ ಅದೇ ಗ್ರೇಡಿಗೆ ಎರಡನೇ ದರ! 11 ಜನರಿಗೆ ದುಡ್ಡು ಹೋದ ಮೇಲೆ ಗೊತ್ತಾಯಿತು. ಹೆಚ್ಚಿಗೆ ಹೋದ ಸುಮಾರು ನಲವತ್ತು ಸಾವಿರದಲ್ಲಿ ಇಪ್ಪತ್ತೆಂಟು ಸಾವಿರ ವಾಪಸ್ ಬಂತು. ಉಳಿದದ್ದನ್ನು ಪಗಾರದಲ್ಲಿ ಮುರಿಸಿಕೊಂಡೆ.

ಮ್ಯಾಟ್ರಿಕ್ಸ್ ಗುಣಾಕಾರದ ಚಿಹ್ನೆ %*% ಹಾಕಿದ ಮೇಲೆ ಅರ್ಧ ಕಾಟ ತಪ್ಪಿತು. ಆದರೆ ಮರುವರ್ಷದ ದರಪಟ್ಟಿಯಲ್ಲಿ ಗ್ರೇಡುಗಳ ಕ್ರಮ ಬದಲಾಗಿ ಹಳದಿ ಮೇಲೆ, ಹಸಿರು ಕೆಳಗೆ ಬಂದಿತ್ತು. %*% ಹೆಸರು ತಾಳೆ ನೋಡುವುದಿಲ್ಲ, ಜಾಗ ಮಾತ್ರ ನೋಡುತ್ತದೆ. ಪುಣ್ಯಕ್ಕೆ ಚೆಕ್ ಬರೆಯುವ ಮೊದಲೇ ಸಿಕ್ಕಿತು. ಈಗ ಮಾಲಿನ ಕಂಬಸಾಲುಗಳ ಹೆಸರು ಕೊಟ್ಟೇ ದರಗಳನ್ನು ಹೆಕ್ಕುತ್ತೇನೆ. ಖಾಲಿ ಖಾನೆಗೆ ಸೊನ್ನೆ ತುಂಬುತ್ತೇನೆ; ಒಂದು ಎನ್‌ಎ (NA, ಅಂಕಿ ಇಲ್ಲ ಅನ್ನುವ ಗುರುತು) ಉಳಿದರೂ ಆ ರೈತನ ಮೊತ್ತವೇ ಎನ್‌ಎ. ಒಬ್ಬನದೇ ಸಾಲು ತೆಗೆದಾಗ ಮ್ಯಾಟ್ರಿಕ್ಸ್ ವೆಕ್ಟರ್ ಆಗಿಬಿಡುತ್ತದೆ, ಅದನ್ನು ತಡೆಯುವ ಡ್ರಾಪ್ ಫಾಲ್ಸ್ (drop = FALSE) ಮರೆಯಬೇಡಿ. ತೇವಾಂಶದ ಕಡಿತವನ್ನೂ ಅದೇ ಗುಣಾಕಾರದೊಳಗೆ ಕೂಡಿಸಿದ್ದೇನೆ; ಅದು ಹೇಗೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ನಡುವೆ ಒಂದು ರಾತ್ರಿ, ಕೆಲಸಕ್ಕೆ ಬೇಡದಿದ್ದರೂ, 3,000 ಸಾಲು-ಕಂಬದ ಎರಡು ಮ್ಯಾಟ್ರಿಕ್ಸ್ ಮತ್ತು ಒಂದು ವೆಕ್ಟರ್ ಗುಣಿಸಿ ನೋಡಿದೆ. ಕಂಸ ಹಾಕದಿದ್ದರೆ ಆರ್ ಎಡದಿಂದ ಹೋಗುತ್ತದೆ: ಹಳೇ ಲ್ಯಾಪ್‌ಟಾಪ್‌ಗೆ ಇಪ್ಪತ್ತು-ಇಪ್ಪತ್ತೈದು ಸೆಕೆಂಡು. ಬಲಗಡೆಯ ಜೋಡಿಗೆ ಕಂಸ ಹಾಕಿದೆ, ಎರಡು ದೊಡ್ಡ ಮ್ಯಾಟ್ರಿಕ್ಸ್ ಗುಣಿಸುವ ಕೆಲಸವೇ ತಪ್ಪಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಓಪನ್‌ಬ್ಲಾಸ್ (OpenBLAS, ಮ್ಯಾಟ್ರಿಕ್ಸ್ ಲೆಕ್ಕ ಬೇಗ ಮಾಡುವ ತಂತ್ರಾಂಶ) ಹಾಕಿಕೊಂಡರೆ ಮೊದಲನೆಯದೂ ಸಾಕಷ್ಟು ಚುರುಕಾಗುತ್ತದೆ.

ಸಾವ್ಕಾರ್ರ ಮನಸ್ಸು ತಿರುಗಿದ್ದು ಬೇರೆಯದಕ್ಕೆ. ದರದ ವೆಕ್ಟರ್ ಬದಲು 6 ಸಾಲು, 10 ಕಂಬದ ಮ್ಯಾಟ್ರಿಕ್ಸ್ ಕೊಟ್ಟೆ. ಹತ್ತು ಥರದ ದರಕ್ಕೆ ಪ್ರತಿ ರೈತನ ಮೊತ್ತ ಒಂದೇ ಏಟಿಗೆ ಬಂತು. ಈಗ ದರ ಕಟ್ಟುವ ಹಿಂದಿನ ರಾತ್ರಿ ಅವರದೇ ಫೋನ್: "ಹಸರಿಗೆ ಐದ ರೂಪಾಯಿ ಏರಿಸಿ ಎಷ್ಟಾಕ್ಕೈತಿ ನೋಡಪಾ."