ತಲಕಾವೇರಿಗೆ ಹೊರಟವರು ಮೊದಲು ಭಾಗಮಂಡಲದಲ್ಲಿ ಇಳಿಯಿರಿ

ತಲಕಾವೇರಿಗೆ ಹೋದರೆ ತುಂಬಿ ಹರಿಯುವ ಹೊಳೆ ಕಾಣುವುದಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪಿತು. ಬ್ರಹ್ಮಗಿರಿಯ ಮಗ್ಗುಲಲ್ಲಿ, 1,276 ಮೀಟರ್ ಎತ್ತರದಲ್ಲಿ ಇರುವುದು ಒಂದು ಪುಟ್ಟ ಚೌಕ ಕುಂಡಿಕೆ, ಅದರ ಮುಂದೊಂದು ಕೊಳ. ಅಲ್ಲಿಂದ ನೀರು ನೆಲದಡಿ ನುಸುಳಿ ಕೆಳಗೆ ಹೊಳೆಯಾಗಿ ಹೊರಬೀಳುತ್ತದೆ. ಹರಿಯುವ ಕಾವೇರಿಯಲ್ಲಿ ಮೀಯಬೇಕೆನ್ನುವವರಿಗೆ ಜಾಗ 8 ಕಿ.ಮೀ. ಕೆಳಗಿನ ಭಾಗಮಂಡಲ. ಅಲ್ಲಿ ಮಿಂದು, ಭಾಗಂಡೇಶ್ವರನಿಗೆ ಕೈಮುಗಿದು, ಆಮೇಲೆ ಬೆಟ್ಟ ಹತ್ತುವುದು ಹಿಂದಿನಿಂದ ಬಂದ ಕ್ರಮ. ಕಾರಿನವರು ಇದನ್ನು ತಿರುಗುಮುರುಗು ಮಾಡಿ, ಮೇಲಿಂದ ಇಳಿಯುವಾಗ ಭಾಗಮಂಡಲವನ್ನು ಕಿಟಕಿಯಲ್ಲೇ ನೋಡಿ ಹೋಗುವುದು ಈಗ ಮಾಮೂಲಾಗಿದೆ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಅಲ್ಲಿಂದ ಭಾಗಮಂಡಲಕ್ಕೆ 40 ಕಿ.ಮೀ.ಗೆ ಸ್ವಲ್ಪ ಕಡಿಮೆ. ಕೊಡಗಿನಲ್ಲಿ ರೈಲು ನಿಲ್ದಾಣವೇ ಇಲ್ಲ, ರೈಲಿನವರು ಮೈಸೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮಡಿಕೇರಿಯಿಂದಾಚೆ ದಾರಿಯೆಲ್ಲ ತಿರುವು. ಹಾಗಾಗಿ ಕಿಲೋಮೀಟರ್ ನೋಡಿ ಸಮಯ ಲೆಕ್ಕ ಹಾಕಬೇಡಿ, ಒಂದೂವರೆ ಗಂಟೆ ಎಂದೇ ಇಟ್ಟುಕೊಳ್ಳಿ. ಪೆಟ್ರೋಲ್, ನಗದು, ಔಷಧಿ ಎಲ್ಲವನ್ನೂ ಮಡಿಕೇರಿಯಲ್ಲೇ ಮುಗಿಸಿ. ಮೇಲೆ ಮೊಬೈಲ್ ಸಿಗ್ನಲ್ ಬಂದರೆ ಬಂತು. ವಾಂತಿಯಾಗುವ ಮಕ್ಕಳಿದ್ದರೆ ಹೊಟ್ಟೆತುಂಬ ತಿಂಡಿ ಕೊಟ್ಟು ಹೊರಡಿಸಬೇಡಿ.

ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾವೇರಿ, ಕನ್ನಿಕೆ ಎರಡೇ ಕಣ್ಣಿಗೆ ಬೀಳುತ್ತವೆ. ಮೂರನೆಯ ಸುಜ್ಯೋತಿ ಗುಪ್ತಗಾಮಿನಿ. ನೀರಿನ ಬಣ್ಣ ನೋಡಿ ಇಳಿಯಿರಿ: ತಿಳಿಯಾಗಿದ್ದರೆ ಮುಳುಗು ಹಾಕಬಹುದು, ಕೆಂಪಗಿದ್ದರೆ ಬೆಟ್ಟದ ಮೇಲೆ ಮಳೆ ಬಿದ್ದಿದೆ, ಸೆಳೆತ ಹೆಚ್ಚುತ್ತಿದೆ ಎಂದರ್ಥ. ಆಗ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಮೊಗೆದು ಸುರಿದುಕೊಂಡರೂ ಸ್ನಾನವೇ. ಪಿಂಡ ಬಿಡುವವರು ಎಳ್ಳು, ಅಕ್ಕಿ, ದರ್ಭೆ ಜೊತೆಗೆ ತಂದಿರಲಿ. ಹಿರಿಯರ ಹೆಸರು, ಗೋತ್ರವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಒದ್ದೆಬಟ್ಟೆಯಲ್ಲಿ ನಡುಗುತ್ತ ನಿಂತಾಗ ಮುತ್ತಜ್ಜನ ಹೆಸರು ನೆನಪಾಗುವುದಿಲ್ಲ. ಭಾಗಂಡೇಶ್ವರ ದೇವಸ್ಥಾನ ಕೇರಳದ ಮಾದರಿಯದು, ತಾಮ್ರದ ಹೊದಿಕೆಯ ಮಾಡು. ಚಡ್ಡಿ ಬೇಡ. ಪಂಚೆ, ಸೀರೆ, ಇಲ್ಲವೇ ಬೇಗ ಒಣಗುವ ಸಾದಾ ಬಟ್ಟೆ ಸಾಕು. ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ದರ್ಶನ ಮುಗಿಸಿ.

ಮೇಲೆ ತಲಕಾವೇರಿಯಲ್ಲಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಬೇಕು. ಮಂಜಿನ ಹನಿ ಕೂತ ಕಲ್ಲು ಸಾಬೂನು ಸವರಿದಂತಿರುತ್ತದೆ. ಚಳಿಯೆಂದು ಕಾಲುಚೀಲ ಉಳಿಸಿಕೊಂಡವರೇ ಜಾರುವುದು, ಬರಿಗಾಲಿನ ಬೆರಳು ಕಲ್ಲನ್ನು ಹಿಡಿಯುತ್ತದೆ. ಕುಂಡಿಕೆಗೆ ಕೈ ಹಾಕಬೇಡಿ, ನಾಣ್ಯ ಎಸೆಯಬೇಡಿ, ತೀರ್ಥವನ್ನು ಅರ್ಚಕರೇ ಕೊಡುತ್ತಾರೆ. ಅಗಸ್ತ್ಯೇಶ್ವರ ಮತ್ತು ಗಣಪತಿಯ ಗುಡಿಗಳು ಅಲ್ಲೇ ಇವೆ. ಕಾಗೆಯಾಗಿ ಬಂದು ಅಗಸ್ತ್ಯರ ಕಮಂಡಲ ಉರುಳಿಸಿದವನು ಗಣಪತಿ ಎಂಬ ಕಥೆಯಿರುವುದರಿಂದ ಅವನಿಗೆ ಕೈಮುಗಿಯದೆ ಬರುವಂತಿಲ್ಲ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಇಳಿಜಾರು ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಬೆಟ್ಟದ ತುದಿಗೆ ಹತ್ತುವ ಆಸೆಯಿದ್ದರೆ ಬಿಡುತ್ತಾರೋ ಇಲ್ಲವೋ ಕೇಳಿಕೊಂಡೇ ಹೋಗಿ. ಗೇಟು ಹಾಕಿದ್ದರೆ ಪಕ್ಕದಿಂದ ನುಸುಳಬೇಡಿ.

ಇನ್ನು ತೀರ್ಥೋದ್ಭವ, ಅಂದರೆ ತುಲಾ ಸಂಕ್ರಮಣದ ಗಳಿಗೆಗೆ ಕುಂಡಿಕೆಯಲ್ಲಿ ನೀರು ಉಕ್ಕುವುದು. ತುಲಾ ಸಂಕ್ರಮಣ ಬರುವುದು ಅಕ್ಟೋಬರ್ 17 ಅಥವಾ 18ರಂದು. ಗಳಿಗೆ ಮಾತ್ರ ಪ್ರತಿ ವರ್ಷ ಬೇರೆ: 2022ರಲ್ಲಿ ಸಂಜೆ 7.21, 2023ರಲ್ಲಿ ನಡುರಾತ್ರಿ ಕಳೆದು 1.27, 2024ರಲ್ಲಿ ಬೆಳಿಗ್ಗೆ 7.40. ಸೂರ್ಯ ಒಂದು ಸುತ್ತು ಮುಗಿಸಿ ಮತ್ತೆ ತುಲಾ ರಾಶಿಗೆ ಬರಲು 365 ದಿನದ ಮೇಲೆ 6 ಗಂಟೆ ಚಿಲ್ಲರೆ ಬೇಕು, ಹಾಗಾಗಿ ಗಳಿಗೆ ವರ್ಷವರ್ಷವೂ ಅಷ್ಟೇ ಮುಂದೆ ಸರಿಯುತ್ತದೆ. ಕಳೆದ ವರ್ಷದ್ದು ಗೊತ್ತಿದ್ದರೆ ಈ ವರ್ಷ ಸ್ವೆಟರ್ ಬೇಕೋ ಕೊಡೆ ಬೇಕೋ ಟಾರ್ಚ್ ಬೇಕೋ ನೀವೇ ಅಂದಾಜು ಮಾಡಬಹುದು. ನಿಖರ ಗಳಿಗೆಗೆ ದೇವಸ್ಥಾನದ ಪ್ರಕಟಣೆ ನೋಡಿ. ಅಂದು ಖಾಸಗಿ ವಾಹನಗಳನ್ನು ಭಾಗಮಂಡಲದಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಮೇಲೆ ಕಳಿಸುವುದು ರೂಢಿ. ಗಳಿಗೆಗೆ ನಾಲ್ಕು ಗಂಟೆ ಮೊದಲೇ ಅಲ್ಲಿರಿ. ನೀರು ಉಕ್ಕಿದ ಕೂಡಲೇ ಅರ್ಚಕರು ತೀರ್ಥ ಎರಚುತ್ತಾರೆ, ಜನ ಒಮ್ಮೆಲೇ ಕೊಳಕ್ಕೆ ಇಳಿಯುತ್ತಾರೆ. ಹಿರಿಯರನ್ನೂ ಮಕ್ಕಳನ್ನೂ ಕೊಳದ ಅಂಚಿನಲ್ಲಿ ನಿಲ್ಲಿಸಬಾರದ ಹೊತ್ತು ಅದೊಂದೇ.

ನಮ್ಮನ್ನು ಕೇಳಿದರೆ, ಉಕ್ಕುವುದನ್ನು ಕಣ್ಣಾರೆ ನೋಡಲೇಬೇಕೆಂಬ ಹರಕೆ ಇಲ್ಲದವರು ಆ ದಿನ ಬಿಡಿ. ತುಲಾ ಮಾಸದ ಇಡೀ ತಿಂಗಳು ಸ್ನಾನಕ್ಕೆ ಪುಣ್ಯಕಾಲವೇ, ನವೆಂಬರ್ ನಡುವಿನವರೆಗೂ. ಎರಡನೇ ವಾರದ ಮಂಗಳವಾರವೋ ಬುಧವಾರವೋ ಹೋದರೆ ಕುಂಡಿಕೆಯ ಎದುರು ನೆಮ್ಮದಿಯಾಗಿ ನಿಲ್ಲಬಹುದು.

ತೀರ್ಥ ತರಲು ಒಂದು ಲೀಟರಿನ, ತಿರುಪು ಮುಚ್ಚಳದ ಪಾತ್ರೆ ಸಾಕು. ಬಾಯಗಲದ ತಂಬಿಗೆಗೆ ಬಟ್ಟೆ ಕಟ್ಟಿ ತಂದರೆ ಮಡಿಕೇರಿ ತಲುಪುವಷ್ಟರಲ್ಲಿ ಅರ್ಧ ಸೀಟಿನ ಮೇಲಿರುತ್ತದೆ. ಐದು ಲೀಟರಿನ ಕ್ಯಾನು ಹೊತ್ತವರು ನೂಕುನುಗ್ಗಲಿನಲ್ಲಿ ತಾವೂ ಬಳಲಿ ಹಿಂದಿನವರನ್ನೂ ಬಳಲಿಸುತ್ತಾರೆ. ಕೊಡಗಿನ ಮನೆಗಳಲ್ಲಿ ಇದನ್ನು ವರ್ಷವಿಡೀ ಕಾಪಿಟ್ಟು, ಕೊನೆಯುಸಿರೆಳೆಯುವವರ ಬಾಯಿಗೆ ಬಿಡುವುದು ಬರೀ ಎರಡು ಹನಿ.

ಜೂನ್‌ನಿಂದ ಆಗಸ್ಟ್‌ವರೆಗೆ ಯಾತ್ರೆ ಇಟ್ಟುಕೊಳ್ಳದಿರುವುದೇ ಲೇಸು. ಸಂಗಮ ಉಕ್ಕಿ ನಾಪೋಕ್ಲು ಕಡೆಯ ರಸ್ತೆ ಮುಳುಗುತ್ತದೆ, ಕರಿಕೆ ಘಾಟಿಯಲ್ಲಿ ಮಣ್ಣು ಜರಿಯುತ್ತದೆ. ಹೋಗಲೇಬೇಕಾದರೆ ಮಡಿಕೇರಿ ದಾರಿಯಲ್ಲೇ ಹೋಗಿ, ಅದೇ ದಾರಿಯಲ್ಲಿ ಕತ್ತಲಾಗುವ ಮೊದಲು ಇಳಿಯಿರಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆಯಷ್ಟೇ ಕಾಣುತ್ತದೆ, ಲೋಬೀಮ್ ಇರಲಿ. ಇಂಬಳಕ್ಕೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಕಚ್ಚಿದ್ದನ್ನು ಎಳೆದು ಕಿತ್ತರೆ ಗಾಯ ಕೆರಳುತ್ತದೆ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.