‘ಕೊಡ್ರಿ, ನಾ ಅದೀನಿ’ ಅಂದಿದ್ದಕ್ಕ ಆಗಿದ್ದು

ಕಲಬುರಗಿ ನೆಹರು ಗಂಜ್‌ದಾಗ ಅಡತಿ (ದಲಾಲಿ) ಅಂಗಡಿ ಲೆಕ್ಕ ಬರೀತೀನಿ ನಾ. ತೊಗರಿ ಸೀಜನ್‌ದಾಗ ದಿನಾ ಒಂದಾದ್ರೂ ಫೋನ್ ಇರ್ತದ, ‘ಆ ಪಾರ್ಟಿ ಹ್ಯಾಂಗ್ರಿ, ಉದ್ರಿ ಕೊಡಬಹುದೇನ್ರಿ’ ಅಂತ. ಒಬ್ಬ ಮಿಲ್‌ನವರಿಗೆ ನಾನೂ ಹಂಗೇ ವಾಟ್ಸಾಪ್‌ದಾಗ ‘ಚೊಲೊ ಪಾರ್ಟಿ ಅದ, ಕೊಡ್ರಿ, ನಾವ್ ಅದೀವಿ’ ಅಂತ ಹಾಕ್ದೆ. ಅವರು 40 ಕ್ವಿಂಟಲ್ ಬೇಳೆ ಕಳಿಸಿದ್ರು, ಎರಡು ತಿಂಗಳಿಗೆ ಪಾರ್ಟಿ ಫೋನ್ ಬಂದ್, ಅಂಗಡಿಗೆ ಕೀಲಿ, ನಮಗ ವಕೀಲರ ನೋಟಿಸ್.

ನಮ್ಮ ವಕೀಲರು ಮೊಬೈಲ್ ಇಸ್ಕೊಂಡು ಆ ಒಂದ್ ಸಾಲು ಓದಿ, ‘ಇದ್ರಾಗ ಎರಡು ಮಾತದಾವ ನೋಡು’ ಅಂದ್ರು. ‘ಚೊಲೊ ಪಾರ್ಟಿ’ ಅನ್ನೋದು ಅವನ ಪತ್ತಿನ ಬಗ್ಗೆ ನಿನ್ನ ಅಭಿಪ್ರಾಯ, ‘ನಾವ್ ಅದೀವಿ’ ಅನ್ನೋದು ಜಾಮೀನು ಅಂತ ವಾದ ಮಾಡ್ಲಿಕ್ಕೆ ಬರ್ತದ. ನಾ ಅಂದೆ, ಸಹಿ ಇಲ್ಲಲ್ರಿ ಸರ್, ಸ್ಟಾಂಪ್ ಪೇಪರ್ ಇಲ್ಲಲ್ರಿ. ಆಗ ಗೊತ್ತಾಯ್ತು, ನಮ್ಮ 1872ರ ಕಾಂಟ್ರಾಕ್ಟ್ ಆಕ್ಟ್‌ನ 126ನೇ ಸೆಕ್ಷನ್ ಪ್ರಕಾರ ಜಾಮೀನು ಬಾಯಿಮಾತಿಂದೂ ನಡೀತದ, ಮತ್ತ 128ರ ಪ್ರಕಾರ, ಬ್ಯಾರೆ ಕರಾರು ಇಲ್ಲಂದ್ರ, ಸಾಲಗಾರನಷ್ಟೇ ಹೊಣಿ ಜಾಮೀನುದಾರನಿಗೂ.

ಇಂಗ್ಲೆಂಡ್‌ದಾಗ ಹಂಗಿಲ್ಲ. ಅಲ್ಲಿ 1677ರ ಕಾಯ್ದೆ ಜಾಮೀನು ಬರವಣಿಗೀಲೆ ಇರಬೇಕು ಅಂತಿತ್ತು. 1789ರಾಗ ಒಂದು ಕೇಸ್ ಆಯ್ತು, ಪಾಸ್ಲಿ ಅನ್ನೋ ವ್ಯಾಪಾರಿಗೆ ಫ್ರೀಮನ್ ಅನ್ನಾವ ಮೂರನೇ ಒಬ್ಬನ ಬಗ್ಗೆ ‘ಅವನು ನಂಬಿಕಸ್ಥ’ ಅಂತ ಬಾಯಿಲೆ ಹೇಳಿದ್ದ, ಅದನ್ನ ನಂಬಿ ಬಟ್ಟಿಗೆ ಕೆಂಪು ಬಣ್ಣ ಹಾಕೋ ಮಾಲು 16 ಚೀಲ ಆ ಮೂರನೇಯವನಿಗೆ ಉದ್ರಿ ಹೋಯ್ತು, ರೊಕ್ಕ ಮುಳುಗ್ತು. ಗೊತ್ತಿದ್ದೂ ಸುಳ್ಳು ಹೇಳಿದ್ರ ಕೇಸ್ ಹಾಕಬಹುದು ಅಂತ ಕೋರ್ಟ್ ಹೇಳ್ತು. ಅಲ್ಲಿಂದ ಮಂದಿ ಬಾಯಿಮಾತಿನ ಜಾಮೀನನ್ನ ‘ಮೋಸದ ಮಾತು’ ಅಂತ ಮಾಡಿ ದಾವೆ ಹಾಕ್ಲಿಕ್ಕೆ ಹತ್ತಿದ್ರು, ಅದಕ್ಕೇ 1828ರಾಗ ಇನ್ನೊಬ್ಬರ ಪತ್ತಿನ ಬಗ್ಗೆ ಕೊಡೋ ಹೇಳಿಕೀನೂ ಬರದು ಸಹಿ ಮಾಡಿರಬೇಕು, ಇಲ್ಲಂದ್ರ ಅದರ ಮ್ಯಾಲೆ ದಾವೆ ನಡ್ಯಾಂಗಿಲ್ಲ ಅಂತ ಕಾಯ್ದೆ ತಂದ್ರು. 16 ಚೀಲದ ಸುದ್ದಿ ಕೇಳಿದಾಗ ನನಗ ನಮ್ಮ ಗಂಜೇ ಕಣ್ಣಿಗೆ ಬಂತು. ನಮ್ಮ ಕಾಂಟ್ರಾಕ್ಟ್ ಆಕ್ಟ್‌ದಾಗ ಹಂತಾ ಶರತ್ತಿಲ್ಲ, ಅಂದಮ್ಯಾಲೆ ಇಲ್ಲಿ ಬಾಯಿ ಇನ್ನೂ ಬಿಗಿ ಇರಬೇಕು.

ಕಡೀಗಿ ಸಾವಕಾರ್ರು ಅರ್ಧ ರೊಕ್ಕ ಕೊಟ್ಟು ರಾಜಿ ಮಾಡ್ಕೊಂಡ್ರು. ನನಗ ಒಂದು ಮಾತೂ ಬೈಲಿಲ್ಲ, ಆ ಮೊತ್ತ ವಹಿಯಾಗ ನಾನೇ ಬರೀಬೇಕಾಯ್ತು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಈಗ ಯಾರರೆ ಕೇಳಿದ್ರ ಮೊದಲು ಆ ಪಾರ್ಟಿಗೇ ಫೋನ್ ಹಚ್ಚಿ ‘ನಿಮ್ಮ ಲೆಕ್ಕ ಹೇಳಲೇನ್ರಿ’ ಅಂತೀನಿ. ಹೂಂ ಅಂದ್ರ ಅಂಗಡಿ ಲೆಟರ್‌ಹೆಡ್ ಮ್ಯಾಲೆ, ಕೇಳಿದವರ ಹೆಸರಿಗಷ್ಟೇ ಬರೀತೀನಿ: ‘ಇವರು 2019ರಿಂದ ನಮ್ಮ ಕಡೆ ಮಾಲು ಒಯ್ತಾರ. ಹೆಚ್ಚಂದ್ರ 3 ಲಕ್ಷ ಉದ್ರಿ ಇತ್ತು. 21 ದಿನದ ವಾಯಿದಾ, ಎರಡು ಸಲ 35 ದಿನಕ್ಕ ಕೊಟ್ಟಾರ. ಇವತ್ತಿಗೆ ಬಾಕಿ ಇಲ್ಲ. ಇದು ಜಾಮೀನಲ್ಲ.’ ಆ ‘35 ದಿನ’ ಮುಚ್ಚಿಡೂದಿಲ್ಲ, ಮುಚ್ಚಿಟ್ರ ಅರ್ಧ ಖರೆ ಹೇಳಿ ದಾರಿ ತಪ್ಪಿಸಿದಂಗ. ‘ಚೊಲೊ’, ‘ಭರವಸಾ’, ‘ಚಿಂತಿ ಬ್ಯಾಡ’ ಇಂಥ ಶಬ್ದ ಹಾಕಾಂಗಿಲ್ಲ. ಸಾವಕಾರ್ರೇ ಓದಿ ಸಹಿ ಮಾಡ್ತಾರ, ಒಂದು ಕಾಪಿ ಫೈಲಿಗೆ.

ಮೊನ್ನೆ ಹಳೇ ದೋಸ್ತ ಒಬ್ಬ ಚಾ ಕುಡೀತಾ ‘ಬರೀ ಹೂಂ ಅನ್ನೋ ಮಾರಾಯಾ, ಸಾಕು’ ಅಂದ. ಅವನಿಗೂ ಪತ್ರಾನೇ ಕೊಟ್ಟೆ.