ಸ್ಯಾಟಲೈಟ್ ನಿಮ್ಮ ಗಾಡಿಯನ್ನು ನೋಡುವುದಿಲ್ಲ: ಜಿಪಿಎಸ್ ಕೂರಿಸುವ ನನ್ನ ಅನುಭವ

ಹಾಸನದಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್. ಡೈನಮೋ, ಸೆಲ್ಫ್ ಮೋಟರ್, ಹೆಡ್‌ಲೈಟ್ ವೈರಿಂಗ್ ಇವೇ ಮೊದಲಿಂದ ನನ್ನ ಕೆಲಸ. ಈಗ ಅದರ ಜೊತೆಗೆ ಲಾರಿ, ಸ್ಕೂಲ್ ಬಸ್, ಟ್ರ್ಯಾಕ್ಟರ್, ಜೆಸಿಬಿಗಳಿಗೆ ಜಿಪಿಎಸ್ ಟ್ರ್ಯಾಕರ್, ಅಂದರೆ ಗಾಡಿ ಎಲ್ಲಿದೆ ಅಂತ ಮೊಬೈಲಿನಲ್ಲಿ ತೋರಿಸುವ ಡಬ್ಬಿ, ಕೂರಿಸುವ ಕೆಲಸವೂ ಸೇರಿಕೊಂಡಿದೆ. ಗಾಡಿ ತರುವ ಓನರ್‌ಗಳಲ್ಲಿ ಬಹಳಷ್ಟು ಜನ ಅಂದುಕೊಂಡಿರುವುದು ಒಂದೇ: ಮೇಲಿರುವ ಸ್ಯಾಟಲೈಟ್ ನಮ್ಮ ಗಾಡಿಯನ್ನು ನೋಡುತ್ತಾ ಇರುತ್ತದೆ, ನೋಡಿದ್ದನ್ನು ಮೊಬೈಲಿಗೆ ಕಳಿಸುತ್ತದೆ. ಹಾಗಲ್ಲ. ಇದನ್ನು ಬಿಡಿಸಿ ಹೇಳದೆ ನಾನು ಯಾವ ಗಾಡಿಯ ಡ್ಯಾಶ್‌ಬೋರ್ಡನ್ನೂ ಬಿಚ್ಚುವುದಿಲ್ಲ. ಇದು ಗೊತ್ತಿಲ್ಲದ ಓನರ್ ನಾಳೆ ಮ್ಯಾಪಿನ ಮೇಲಿನ ಚುಕ್ಕಿಯನ್ನು ತಪ್ಪಾಗಿ ಓದುತ್ತಾರೆ. ಬೈಗುಳ ತಿನ್ನುವವನು ಡ್ರೈವರ್.

ಜಿಪಿಎಸ್ ಸ್ಯಾಟಲೈಟುಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ದಿನಕ್ಕೆ ಎರಡು ಸುತ್ತು. ಕೆಲಸದಲ್ಲಿರುವವು ಮೂವತ್ತರ ಆಸುಪಾಸು. ಅವು ಮಾಡುವುದು ಇಷ್ಟೇ: ತಾನು ಯಾವುದು, ಎಲ್ಲಿದ್ದೇನೆ, ಈಗ ಟೈಮೆಷ್ಟು ಅಂತ ಬಿಡದೆ ಸಾರುತ್ತಿರುವುದು. ಯಾವ ಮನೆಯಲ್ಲಿ ರೇಡಿಯೋ ಹಾಕಿದ್ದಾರೆ ಅಂತ ಹಾಸನ ಆಕಾಶವಾಣಿಗೆ ಗೊತ್ತಾಗುತ್ತದಾ? ಇಲ್ಲ ಅಲ್ವಾ, ಇದೂ ಹಾಗೇ. ಕೇಳಿಸಿಕೊಳ್ಳುವ ಕೆಲಸ ಪೂರ್ತಿ ನಿಮ್ಮ ಗಾಡಿಯಲ್ಲಿರುವ ಡಬ್ಬಿಯದು.

ಆ ಸಿಗ್ನಲ್ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ನೆತ್ತಿಯ ಮೇಲಿರುವ ಸ್ಯಾಟಲೈಟಿನಿಂದ ಕೆಳಗೆ ಬರಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ಹೊರಟ ಟೈಮು, ತಲುಪಿದ ಟೈಮು ಗೊತ್ತಾದರೆ ದೂರ ಸಿಕ್ಕಿತು. ಮೂರು ಸ್ಯಾಟಲೈಟಿನಿಂದ ದೂರ ಸಿಕ್ಕಿದರೆ ಜಾಗವೂ ಸಿಗಬೇಕು. ಆದರೆ ಇಲ್ಲೊಂದು ತೊಡಕಿದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಟೈಮು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಸ್ಯಾಟಲೈಟಿನಲ್ಲಿರುವುದು ತೀರಾ ಕರಾರುವಾಕ್ಕಾದ ಅಣು ಗಡಿಯಾರ. ನಮ್ಮ ಡಬ್ಬಿಯಲ್ಲಿರುವುದು ಸಾದಾ ಕ್ವಾರ್ಟ್ಜ್ ಗಡಿಯಾರ. ಅದಕ್ಕೇ ನಾಲ್ಕನೇ ಸ್ಯಾಟಲೈಟೂ ಬೇಕು. ಅದರ ಸಿಗ್ನಲ್ ಸೇರಿದಾಗ ಡಬ್ಬಿ ತನ್ನ ಗಡಿಯಾರದ ತಪ್ಪನ್ನೂ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ. ಮೇಲೆ ಆಕಾಶ ಬಯಲಾಗಿದ್ದರೆ ಐದು ಮೀಟರಿನ ಆಚೀಚೆ ಜಾಗ ಸಿಗುತ್ತದೆ.

ಇಲ್ಲಿಗೆ ಅರ್ಧ ಕೆಲಸ ಆಯಿತು. ಗಾಡಿ ಎಲ್ಲಿದೆ ಅಂತ ಈಗ ಡಬ್ಬಿಗೆ ಮಾತ್ರ ಗೊತ್ತು. ಅದು ನಿಮಗೆ ಗೊತ್ತಾಗಬೇಕಾದರೆ ಮೊಬೈಲ್ ಟವರ್ ಬೇಕು. ಟ್ರ್ಯಾಕರ್ ಒಳಗೊಂದು ಸಿಮ್ ಇರುತ್ತದೆ. ಟ್ರ್ಯಾಕರ್ ತನ್ನ ಐಎಂಇಐ ನಂಬರ್ (ಆ ಡಬ್ಬಿಯ ಗುರುತಿನ ನಂಬರ್), ಜಾಗ, ವೇಗ, ದಿಕ್ಕು, ಇಗ್ನಿಷನ್ ಆನ್ ಇದೆಯೋ ಆಫ್ ಇದೆಯೋ, ಬ್ಯಾಟರಿ ವೋಲ್ಟೇಜ್ ಎಷ್ಟು, ಇದನ್ನೆಲ್ಲ ಒಂದು ಪುಟ್ಟ ಮೆಸೇಜ್ ಮಾಡಿ ಸರ್ವರ್‌ಗೆ ಕಳಿಸುತ್ತದೆ. ನಿಮ್ಮ ಆ್ಯಪ್ ಓದುವುದು ಆ ಸರ್ವರಿನಿಂದ. ಗಾಡಿಯಿಂದ ಸ್ಯಾಟಲೈಟಿಗೆ ಏನೂ ಹೋಗುವುದಿಲ್ಲ. ಟವರೇ ಇಲ್ಲದ ಸಮುದ್ರ, ಮರುಭೂಮಿಗಳಲ್ಲಿ ಸ್ಯಾಟಲೈಟ್ ಮೂಲಕವೇ ಕಳಿಸುವ ದುಬಾರಿ ಸಾಧನಗಳಿವೆ. ನಮ್ಮ ಲಾರಿಗಳಲ್ಲಿರುವುದು ಅದಲ್ಲ.

ಸಿಮ್ ವಿಷಯದಲ್ಲಿ ಒಂದು ಮಾತು. ಕಡಿಮೆ ಬೆಲೆಯ ಎಷ್ಟೋ ಟ್ರ್ಯಾಕರ್‌ಗಳು 2ಜಿ ಮಾತ್ರ ಬಲ್ಲವು. ಜಿಯೋದಲ್ಲಿ 2ಜಿ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ನಡೆಯುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋಗಿ ಹಳೇ ಮಾಡೆಲ್ ತರಬೇಡಿ, 4ಜಿ ತನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಕೂರಿಸುವ ಕೆಲಸ. ಸಾಮಾನ್ಯವಾಗಿ ನಾಲ್ಕು ವೈರ್. ಒಂದು ಬ್ಯಾಟರಿಯ ನೇರ ಲೈನಿಗೆ, ಒಂದು ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ, ಒಂದು ಇಗ್ನಿಷನ್‌ಗೆ, ಇನ್ನೊಂದು ರಿಲೇಗೆ, ಅಂದರೆ ಮೊಬೈಲಿನಿಂದ ಲೈನ್ ಕಡಿಯಬಲ್ಲ ಸ್ವಿಚ್ಚಿಗೆ. ಇಗ್ನಿಷನ್ ವೈರ್ ಹುಡುಕುವುದರಲ್ಲೇ ಕೆಲಸದ ಅರ್ಧ ಮರ್ಯಾದೆ ಇದೆ. ಕೀ ತಿರುಗಿಸಿದರೆ ಕರೆಂಟ್ ಬರುವ ವೈರ್ ಡ್ಯಾಶ್‌ಬೋರ್ಡ್ ಹಿಂದೆ ಬೇಕಾದಷ್ಟಿವೆ. ಆದರೆ ಸೆಲ್ಫ್ ಹೊಡೆಯುವಾಗ ಕೆಲವು ಲೈನ್ ಒಂದು ಕ್ಷಣ ಸತ್ತು ಮತ್ತೆ ಬರುತ್ತವೆ. ಟೇಪ್ ರೆಕಾರ್ಡರಿನ ಲೈನ್ ಹಾಗೇ. ಅದಕ್ಕೆ ಕೊಟ್ಟರೆ ಒಂದೇ ಸ್ಟಾರ್ಟು ರಿಪೋರ್ಟಿನಲ್ಲಿ ಎರಡೆರಡು ಸಲ ಕಾಣುತ್ತದೆ. ಅದಕ್ಕೆ ನಾನು ಮಲ್ಟಿಮೀಟರ್ ಹಿಡಿದು ಮೂರು ಹಂತ ನೋಡುತ್ತೇನೆ: ಕೀ ಆಫ್ ಇದ್ದಾಗ ಸೊನ್ನೆ ಇರಬೇಕು, ಆನ್ ಮಾಡಿದಾಗ ಲಾರಿಯಲ್ಲಿ 24 ವೋಲ್ಟ್ ಬರಬೇಕು, ಸೆಲ್ಫ್ ಹೊಡೆಯುವಾಗ ಸ್ವಲ್ಪ ಇಳಿದರೂ ಪೂರ್ತಿ ಸಾಯಬಾರದು. ಅರ್ಥ್ ಅಂದರೆ ಕೈಗೆ ಸಿಕ್ಕಿದ ಬೋಲ್ಟಿಗೆ ಸುತ್ತುವುದಲ್ಲ. ಪೇಂಟ್ ಕೆರೆದು ಬರೀ ಲೋಹ ಕಾಣಿಸಿ ಬಿಗಿಯಬೇಕು. ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಎರಡು ಲೋಡ್ ಮುಗಿಯುವಷ್ಟರಲ್ಲಿ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತದೆ. ಬೆಸುಗೆ ಹಾಕಿ ಮೇಲೆ ಪ್ಲಾಸ್ಟಿಕ್ ಸ್ಲೀವ್ ಹಾಕಬೇಕು. ಲೈನಿಗೊಂದು ಫ್ಯೂಸ್ ಇರಲೇಬೇಕು.

ಡಬ್ಬಿ ಇಡುವ ಜಾಗವೂ ಅಷ್ಟೇ ಮುಖ್ಯ. ಸ್ಯಾಟಲೈಟ್ ಸಿಗ್ನಲ್ ನೆಲಕ್ಕೆ ಮುಟ್ಟುವಾಗ ತೀರಾ ಕ್ಷೀಣವಾಗಿರುತ್ತದೆ. ಪ್ಲಾಸ್ಟಿಕ್, ಗಾಜು ದಾಟುತ್ತದೆ, ತಗಡು ದಾಟುವುದಿಲ್ಲ. ಕಳ್ಳನಿಗೆ ಕಾಣಬಾರದು ಅಂತ ಕ್ಯಾಬಿನ್ನಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಡಿ ಅನ್ನುವವರಿದ್ದಾರೆ. ಅಲ್ಲಿಟ್ಟರೆ ಕಳ್ಳನಿಗೂ ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ನಾನು ಮುಂದಿನ ಗಾಜಿನ ಹತ್ತಿರ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕೆಳಗೆ ಮುಖ ಮೇಲೆ ಮಾಡಿ ಕೂರಿಸುತ್ತೇನೆ. ಆಮೇಲೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ಬಯಲಿಗೆ ತರಿಸುತ್ತೇನೆ. ಮೊದಲ ಸಲ ಜಾಗ ಹಿಡಿಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು, ಏಕೆಂದರೆ ಸ್ಯಾಟಲೈಟ್ ತಾನೆಲ್ಲಿದ್ದೇನೆ ಎಂಬ ಪೂರ್ತಿ ವಿವರ ಹೇಳಿ ಮುಗಿಸಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಮಿನುಗುತ್ತಿದ್ದ ದೀಪ ಬಿಡದೆ ಉರಿಯಲು ಶುರುವಾದ ಮೇಲೇ ನಾನು ಡ್ಯಾಶ್‌ಬೋರ್ಡ್ ಮುಚ್ಚುವುದು.

ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಶಿರಾಡಿ ಘಾಟಿಯದು. ಹಾಸನದಿಂದ ಮಂಗಳೂರಿಗೆ ಹೋಗುವ ಲಾರಿ ಸಕಲೇಶಪುರ ದಾಟಿ ದೋಣಿಗಾಲ್, ಮಾರನಹಳ್ಳಿ ಕಳೆದು ಇಳಿಯುತ್ತದಲ್ಲ, ಅಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಒಂದು ರಾತ್ರಿ ಆಲೂಗಡ್ಡೆ ವ್ಯಾಪಾರದವರೊಬ್ಬರು ಫೋನ್ ಮಾಡಿದರು. "ಗಾಡಿ ಮಾರನಹಳ್ಳಿ ಹತ್ರ ನಿಂತು ಮುಕ್ಕಾಲು ಗಂಟೆ ಆಯ್ತಪ್ಪ. ಫೋನೂ ಹತ್ತಲ್ಲ. ಗಾಡಿ ನಿಲ್ಲಿಸಿ ಮಲ್ಗಿದಾನೆ ಅನ್ಸತ್ತೆ."

"ಯಜಮಾನ್ರೇ, ಚುಕ್ಕಿ ಪಕ್ಕದಲ್ಲಿ ಕೊನೇ ಅಪ್‌ಡೇಟ್ ಅಂತ ಟೈಮ್ ಇರತ್ತೆ, ಅದೆಷ್ಟಿದೆ ನೋಡಿ."

"ಹನ್ನೊಂದು ಹತ್ತು. ಈಗ ಹನ್ನೆರಡಾಗ್ತಾ ಬಂತು."

"ಹಂಗಾದ್ರೆ ಗಾಡಿ ನಿಂತಿಲ್ಲ, ಸುದ್ದಿ ನಿಂತಿದೆ. ಘಾಟಿ ಇಳಿದು ಗುಂಡ್ಯ ಬರ್ಲಿ, ನೋಡಿ."

ಸ್ವಲ್ಪ ಹೊತ್ತಿಗೆ ಚುಕ್ಕಿ ಗುಂಡ್ಯದ ಹತ್ತಿರ ಎದ್ದಿತು. ನಡುವಿನ ದಾರಿಯೂ ಮ್ಯಾಪಿನಲ್ಲಿ ಎಳೆಎಳೆಯಾಗಿ ತುಂಬಿಕೊಂಡಿತು. ಟವರ್ ಇಲ್ಲದಿದ್ದರೂ ಡಬ್ಬಿ ಆಕಾಶದಿಂದ ಜಾಗ ಹಿಡಿಯುತ್ತಲೇ ಇರುತ್ತದೆ, ಒಳಗೇ ಬರೆದಿಟ್ಟುಕೊಳ್ಳುತ್ತದೆ, ಟವರ್ ಸಿಕ್ಕ ತಕ್ಷಣ ಬಾಕಿಯನ್ನೆಲ್ಲ ಕಳಿಸುತ್ತದೆ. ಸರ್ಕಾರದ ನಿಯಮದ ಟ್ರ್ಯಾಕರಿನಲ್ಲಿ ಹೀಗೆ 40,000 ಲೊಕೇಶನ್ ಕೂಡಿಡುವಷ್ಟು ಜಾಗ ಇರಬೇಕು. ಗಾಡಿ ನಿಜವಾಗಿ ನಿಂತಿದ್ದರೆ ಕೊನೇ ಅಪ್‌ಡೇಟ್ ಹೊಸದಿರುತ್ತದೆ, ವೇಗ ಸೊನ್ನೆ ಇರುತ್ತದೆ. ಸುದ್ದಿ ನಿಂತಿದ್ದರೆ ಅಪ್‌ಡೇಟೇ ಹಳೆಯದಿರುತ್ತದೆ. ಟ್ರ್ಯಾಕರ್ ಇಟ್ಟುಕೊಂಡ ಪ್ರತಿಯೊಬ್ಬರೂ ಮೊದಲು ಕಲಿಯಬೇಕಾದ ಪಾಠ ಇದು. ಡ್ರೈವರಿಗೆ ಫೋನ್ ಮಾಡಿ ರೇಗುವ ಮುಂಚೆ ಆ ಟೈಮು ನೋಡಿ.

ಘಾಟಿಯಲ್ಲಿ ಇನ್ನೊಂದು ತಕರಾರು ಬರುತ್ತದೆ, ಕಿಲೋಮೀಟರಿನದು. ಗಾಡಿಯ ಮೀಟರ್ ಒಂದು ಹೇಳುತ್ತದೆ, ಆ್ಯಪ್ ಅದಕ್ಕಿಂತ ಕಡಿಮೆ ಹೇಳುತ್ತದೆ. ಡ್ರೈವರ್ ಮೀಟರ್ ತಿರುಗಿಸಿದ್ದಾನಾ ಅಂತ ಕೇಳುತ್ತಾರೆ. ಪಾಪ, ಅವನೇನೂ ಮಾಡಿಲ್ಲ. ಟ್ರ್ಯಾಕರ್ ನಿಮಿಷಕ್ಕೊಂದು ಸಲ ಜಾಗ ಕಳಿಸಿದರೆ ಸರ್ವರ್ ಆ ಎರಡು ಚುಕ್ಕಿಗಳ ನಡುವೆ ನೇರ ಗೆರೆ ಎಳೆದು ದೂರ ಅಳೆಯುತ್ತದೆ. ರಸ್ತೆ ಸುತ್ತಿ ಬಳಸಿ ಹೋಗಿರುತ್ತದೆ, ಗೆರೆ ಅಡ್ಡ ಹಾಯ್ದಿರುತ್ತದೆ. ಅದಕ್ಕೆ ಘಾಟಿ ಓಡುವ ಗಾಡಿಗಳಿಗೆ ನಾನು ಹತ್ತು ಸೆಕೆಂಡಿಗೊಮ್ಮೆ ಕಳಿಸುವ ಹಾಗೆ ಇಡುತ್ತೇನೆ. ಜೊತೆಗೆ, ಗಾಡಿ ಇಷ್ಟು ಡಿಗ್ರಿ ತಿರುಗಿದರೆ ಆಗಲೇ ಒಂದು ಚುಕ್ಕಿ ಕಳಿಸು ಎಂಬ ಸೆಟ್ಟಿಂಗ್ ಇರುತ್ತದೆ, ಅದನ್ನೂ ಆನ್ ಮಾಡುತ್ತೇನೆ. ತಿರುವುಗಳು ಸರಿಯಾಗಿ ಬಿದ್ದರೆ ಲೆಕ್ಕವೂ ಮೀಟರಿನ ಹತ್ತಿರ ಬರುತ್ತದೆ.

ಡೀಸೆಲ್ ಸೆನ್ಸರಿಗೂ ಇದೇ ಎಚ್ಚರ ಬೇಕು. ಟ್ಯಾಂಕಿನೊಳಗೆ ಒಂದು ಉದ್ದನೆಯ ಕಡ್ಡಿ ಇಳಿಸುತ್ತೇವೆ, ಡೀಸೆಲ್ ಎಷ್ಟು ಎತ್ತರಕ್ಕಿದೆ ಅಂತ ಅದು ಹೇಳುತ್ತದೆ. ಟ್ಯಾಂಕ್ ಖಾಲಿ ಮಾಡಿ, ಅಳೆದು ಅಳೆದು ಹಾಕುತ್ತಾ, ಪ್ರತಿ ಸಲವೂ ಸೆನ್ಸರ್ ಏನು ತೋರಿಸಿತು ಅಂತ ಬರೆದುಕೊಳ್ಳಬೇಕು, ಆಗಲೇ ಯಾವ ಎತ್ತರಕ್ಕೆ ಎಷ್ಟು ಲೀಟರ್ ಅಂತ ಗೊತ್ತಾಗುವುದು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಇಷ್ಟು ಮಾಡಿದರೂ ಇಳಿಜಾರಿನಲ್ಲಿ ಡೀಸೆಲ್ ಟ್ಯಾಂಕಿನ ಒಂದು ಕಡೆಗೆ ವಾಲಿದಾಗ ಗ್ರಾಫ್ ದಡಕ್ಕನೆ ಇಳಿಯಬಹುದು. ಸಮತಟ್ಟಿಗೆ ಬಂದ ಮೇಲೆ ಅದೇ ಏರಿದರೆ ಅದು ಕಳ್ಳತನ ಅಲ್ಲ. ಇಗ್ನಿಷನ್ ಆಫ್ ಆಗಿ ಗಾಡಿ ನಿಂತಿದ್ದಾಗ ಇಳಿದು, ಮತ್ತೆ ಏರದೇ ಇದ್ದರೆ ಆಗ ವಿಚಾರಿಸಿ.

ದಿನನಿತ್ಯದ ಉಪಯೋಗ ಒಬ್ಬೊಬ್ಬರಿಗೆ ಒಂದೊಂದು. ಜೆಸಿಬಿ ಓನರಿಗೆ ಮ್ಯಾಪೇ ಬೇಡ, ಇಂಜಿನ್ ಎಷ್ಟು ಗಂಟೆ ಓಡಿತು ಅನ್ನುವುದು ಬೇಕು, ಬಾಡಿಗೆ ಗಂಟೆ ಲೆಕ್ಕ. ಹಾಲಿನ ಗಾಡಿಯವರಿಗೆ ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಅನ್ನುವುದು ಮುಖ್ಯ. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಸ್ಕೂಲ್ ಬಸ್ಸಿನದು. ಮನೆಯಿಂದ ಸ್ವಲ್ಪ ದೂರದಲ್ಲಿ ಮ್ಯಾಪಿನ ಮೇಲೆ ಒಂದು ವೃತ್ತ ಎಳೆದಿಟ್ಟರೆ, ಬಸ್ ಅದರೊಳಗೆ ಬಂದ ಕೂಡಲೇ ಅಮ್ಮನ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಇದಕ್ಕೆ ಜಿಯೋಫೆನ್ಸ್ ಅನ್ನುತ್ತಾರೆ. ಸಕಲೇಶಪುರದ ಮಳೆಗಾಲ ನೋಡಿದವರಿಗೆ ಇದರ ಬೆಲೆ ಗೊತ್ತು. ಮಕ್ಕಳು ರಸ್ತೆ ಬದಿಯಲ್ಲಿ ನೆನೆಯುತ್ತಾ ನಿಲ್ಲುವುದು ತಪ್ಪುತ್ತದೆ.

ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳನ್ನು ತೋರಿಸಿ, ನಮ್ಮ ಗಾಡಿ ಲೆಕ್ಕ ಅಲ್ಲಿಂದ ಬರುತ್ತಾ ಅಂತ ಊರಿನವರು ಕೇಳುತ್ತಾರೆ. ಬರುವುದಿಲ್ಲ. ಆದರೆ ಸಂಬಂಧ ಇದೆ. 1982ರಿಂದ ನಮ್ಮ ದೇಶದ ಇನ್ಸಾಟ್ ಸ್ಯಾಟಲೈಟುಗಳನ್ನು ನೋಡಿಕೊಳ್ಳುತ್ತಿರುವ ಆ ಕೇಂದ್ರವೇ ನಾವಿಕ್ ಸ್ಯಾಟಲೈಟುಗಳನ್ನೂ ನೋಡಿಕೊಳ್ಳುತ್ತದೆ. ನಾವಿಕ್ ಅಂದರೆ ಜಿಪಿಎಸ್ ಥರದ್ದೇ, ನಮ್ಮದೇ ದೇಶದ ವ್ಯವಸ್ಥೆ. ಮೊದಲ ಸ್ಯಾಟಲೈಟ್ ಹೋಗಿದ್ದು 2013ರ ಜುಲೈನಲ್ಲಿ, ಅದರ ಟೈಮು, ಲೆಕ್ಕ ನೋಡುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. 2023ರ ಮೇ ತಿಂಗಳಲ್ಲಿ ಹೋದ ಎನ್‌ವಿಎಸ್-01 ಎಂಬ ನಾವಿಕ್ ಸ್ಯಾಟಲೈಟಿನಲ್ಲಿ ನಮ್ಮ ದೇಶದಲ್ಲೇ ತಯಾರಾದ ಅಣು ಗಡಿಯಾರ ಇದೆ. ಈಗ ನಾನು ಕೂರಿಸುವ ಟ್ರ್ಯಾಕರ್‌ಗಳು ಜಿಪಿಎಸ್, ನಾವಿಕ್ ಎರಡನ್ನೂ ಕೇಳುತ್ತವೆ. ಹೆಚ್ಚು ಸ್ಯಾಟಲೈಟ್ ಸಿಕ್ಕಷ್ಟೂ ಗುಡ್ಡದ ಸಂದಿಯಲ್ಲಿ ಒಳ್ಳೆಯದು.

ಬಸ್ಸು, ಟ್ಯಾಕ್ಸಿಗಳಿಗೆ ಟ್ರ್ಯಾಕರ್ ಈಗ ನಿಯಮ. 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವೆಯ ಹೊಸ ವಾಹನಗಳಲ್ಲಿ ಟ್ರ್ಯಾಕರ್ ಮತ್ತು ಅಪಾಯದಲ್ಲಿ ಒತ್ತುವ ಪ್ಯಾನಿಕ್ ಬಟನ್ ಇರಬೇಕು. ಆಟೋಗಳಿಗೆ ವಿನಾಯಿತಿ ಇದೆ. ಇದರ ಮಾನದಂಡಕ್ಕೆ ಎಐಎಸ್-140 ಅನ್ನುತ್ತಾರೆ. ಗಾಡಿ ಬ್ಯಾಟರಿ ಕಿತ್ತರೂ ಕನಿಷ್ಠ 4 ಗಂಟೆ ಬದುಕುವ ಬ್ಯಾಟರಿ ಅದರೊಳಗೇ ಇರಬೇಕು. ಪ್ಯಾನಿಕ್ ಬಟನ್ ಕೂರಿಸುವಾಗ ನಾನು ಸೀಟಿನಲ್ಲಿ ಕೂತೇ ನೋಡುತ್ತೇನೆ, ಕೈ ಎಟುಕುತ್ತದಾ ಅಂತ. ಹೆದರಿದ ಹೆಣ್ಣುಮಗಳೊಬ್ಬಳು ಕತ್ತಲಲ್ಲಿ ತಡವಿದರೂ ಸಿಗಬೇಕು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲು ಮೂಲೆಯಲ್ಲೆಲ್ಲೋ ಅಂಟಿಸಿಬಿಡಿ ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದನ್ನೂ ಒಪ್ಪುವುದಿಲ್ಲ, ಓಡುವ ಗಾಡಿಯ ಇಂಜಿನ್ ಮೊಬೈಲಿನಿಂದ ಆಫ್ ಮಾಡುವ ವೈರಿಂಗ್. ಇಂಜಿನ್ ಸತ್ತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ತಿರುವಿನಲ್ಲಿ ಹಾಗಾದರೆ ಏನಾಗಬಹುದು ಹೇಳಿ. ರಿಲೇಯನ್ನು ನಾನು ಸೆಲ್ಫಿನ ಲೈನಿಗೆ ಮಾತ್ರ ಕೊಡುತ್ತೇನೆ. ಓಡುತ್ತಿರುವ ಗಾಡಿ ಓಡುತ್ತದೆ, ಒಮ್ಮೆ ಆಫ್ ಆದರೆ ಕಳ್ಳ ಮತ್ತೆ ಸ್ಟಾರ್ಟ್ ಮಾಡಲಾರ. ಅಷ್ಟು ಸಾಕು.

ಕೆಲಸ ಮುಗಿದ ಮೇಲೆ ಓನರ್ ಜೊತೆಗೆ ಡ್ರೈವರನ್ನೂ ಕೂರಿಸಿಕೊಂಡು ಆ್ಯಪ್ ತೋರಿಸುತ್ತೇನೆ. ಅವನ ಮೊಬೈಲಿನಲ್ಲೂ ಅದನ್ನು ಹಾಕಿಕೊಡಿ ಅಂತ ಓನರನ್ನು ಕೇಳುತ್ತೇನೆ. ಮೊದಮೊದಲು ಡ್ರೈವರುಗಳು ಮುಖ ಗಂಟಿಕ್ಕುತ್ತಾರೆ, ಕಾವಲು ಹಾಕಿದರು ಅಂತ. ಆದರೆ ಮಂಗಳೂರಿನಲ್ಲಿ ಅನ್‌ಲೋಡ್ ಆಗದೆ ಗೋಡೌನ್ ಮುಂದೆ ಎರಡು ದಿನ ಕಾಯಿಸುತ್ತಾರಲ್ಲ, ಆಗ ಇದು ಅವರ ಕೈಗೆ ಬರುತ್ತದೆ. ಗಾಡಿ ಎಷ್ಟು ಗಂಟೆಗೆ ಗೇಟಿನ ಹತ್ತಿರ ಬಂತು, ಎಷ್ಟು ಗಂಟೆಗೆ ಹೊರಟಿತು ಅನ್ನುವುದು ಮಿನಿಟ್ ಸಮೇತ ಇರುತ್ತದೆ. ಮೊದಲು ಲೋಡ್ ಇಳಿಸಿಕೊಳ್ಳುವ ಪಾರ್ಟಿಯವರು ನೀವೇ ಲೇಟಾಗಿ ಬಂದ್ರಿ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ರಿಪೋರ್ಟ್ ತೋರಿಸಿ ಹಾಲ್ಟಿಂಗ್, ಅಂದರೆ ಕಾಯಿಸಿದ್ದಕ್ಕೆ ದುಡ್ಡು, ಕೇಳುತ್ತಾರೆ. ಹಾಲ್ಟಿಂಗ್ ಸಿಕ್ಕಿದರೆ ಆ ದಿನಗಳ ಬಾಟಾವನ್ನು (ದಿನದ ಭತ್ಯೆಯನ್ನು) ಡ್ರೈವರಿಗೂ ಕ್ಲೀನರಿಗೂ ಕೊಡಬೇಕು ಅಂತ ಆ್ಯಪ್ ತೋರಿಸುವಾಗಲೇ ಓನರಿಗೆ ಹೇಳಿಬಿಡುತ್ತೇನೆ. ಹೆಚ್ಚಿನವರು ಕೊಡುತ್ತಾರೆ.